ಆಸ್ಡಾ ಮಳಿಗೆಗಳ ಕಥೆ ಮತ್ತು ನಮ್ಮ ತೂಕದ ಕಟ್ಟೆ

ಸಂಸ್ಥೆ ನಷ್ಟಕ್ಕೆ ಬಿದ್ದೊಡನೆ ಮುಖ್ಯಸ್ಥರನ್ನು ಬದಲಿಸಿ, ಕಟ್ಟಡಕ್ಕೆ ಹೊಸ ಬಣ್ಣ ಹೊಡೆಸುವುದು ಎಲ್ಲೆಡೆಯ ವಾಡಿಕೆ. ಇಂಗ್ಲೆಂಡಿನ ಆಸ್ಡಾ ಸೂಪರ್ ಮಾರ್ಕೆಟ್ ಸಂಸ್ಥೆಯಲ್ಲಿ ಬಣ್ಣದ ಸರದಿ ಕೊನೆಗೆ ಬಂತು. ಬೆಳೆಗಾರ ಬಾಂಧವರು ಇದನ್ನು ಗಮನಿಸಬೇಕೆಂದು ನನ್ನ ಕೋರಿಕೆ. ಏಕೆಂದರೆ ಆಸ್ಡಾದ ಬೇರಿರುವುದು ಯಾರ್ಕ್‌ಷೈರ್ ಪ್ರಾಂತದ ಹೈನುಗಾರರಲ್ಲಿ. ಅವರ ಹಾಲಿನ ಕಂಪೆನಿಯು ಆಸ್ಕ್ವಿತ್ ಸಹೋದರರ ಅಂಗಡಿಗಳೊಡನೆ ಕೂಡಿ 1965ರಲ್ಲಿ ಆಸ್ಡಾ ಆಯಿತು.

ಅಗ್ಗದ ದರವೇ ಅದರ ಬಂಡವಾಳವಾಗಿತ್ತು. 1980ರ ದಶಕದಲ್ಲಿ ಅದನ್ನು ಮರೆತರು. 1989ರಲ್ಲಿ ಗೇಟ್‌ವೇ ಕಂಪೆನಿಯ 60 ದೊಡ್ಡ ಮಳಿಗೆಗಳನ್ನು 70.5 ಕೋಟಿ ಪೌಂಡಿಗೆ ಕೊಂಡು ಸಾಲದಲ್ಲಿ ಮುಳುಗಿದರು. 1991ರಲ್ಲಿ ದಿವಾಳಿಯ ಅಂಚು ತಲುಪಿದಾಗ ಬಂದವರು 37ರ ವಯಸ್ಸಿನ ಆರ್ಚೀ ನಾರ್ಮನ್.

ಮೇಲಿನ ಹುದ್ದೆಗಳನ್ನು ಅವರು ಕಡಿಮೆ ಮಾಡಿದರು. ಅದೇನೂ ದೊಡ್ಡ ಮಾತಲ್ಲ, ಲೆಕ್ಕ ಬಲ್ಲ ಯಾರೂ ಮಾಡಿಯಾರು. ಆದರೆ ಅವರು ಖುದ್ದಾಗಿ ಮಳಿಗೆಗಳಿಗೆ ಹೋಗಿ, ಸಾಮಾನು ಜೋಡಿಸುವವರನ್ನೂ ಗಲ್ಲೆಯಲ್ಲಿ ಕೂತವರನ್ನೂ ಮಾತನಾಡಿಸಿದರು. ‘ಆರ್ಚೀಗೆ ಹೇಳಿ’ ಎಂಬ ಏರ್ಪಾಡಿನಲ್ಲಿ ಯಾವ ಕೆಲಸಗಾರನಾದರೂ ತನ್ನ ಸಲಹೆಯನ್ನು ನೇರವಾಗಿ ಅವರಿಗೇ ಬರೆಯಬಹುದಿತ್ತು. ಹೊಸ ಪದ್ಧತಿಯನ್ನು ಮೊದಲು ಮೂರೇ ಮಳಿಗೆಗಳಲ್ಲಿ ಪರೀಕ್ಷಿಸಿದರು. ಅಲ್ಲಿ ಪ್ರಯೋಗ ಸೋತರೆ ಯಾರ ತಲೆಗೂ ಕಟ್ಟುವಂತಿರಲಿಲ್ಲ. ಉಳಿದ ಮಳಿಗೆಗಳಿಗೆ ನವೀಕರಣದ ಹಣ ಬೇಕಾದರೆ, ಅಲ್ಲಿನ ಮೇಲ್ವಿಚಾರಕರು ಕೆಲಸದ ರೀತಿ ಬದಲಾಗಿದೆಯೆಂದು ಮೊದಲು ತೋರಿಸಬೇಕಿತ್ತು. ಇದಕ್ಕೆ ವಾಹನ ಚಾಲನೆಯ ಪರೀಕ್ಷೆಯ ಹೆಸರನ್ನೇ ಇಟ್ಟಿದ್ದರು! ಗಿರಾಕಿಗಳು ಮರಳಿದರು. 1999ರಲ್ಲಿ ಅಮೆರಿಕದ ವಾಲ್‌ಮಾರ್ಟ್ 670 ಕೋಟಿ ಪೌಂಡಿಗೆ ಆಸ್ಡಾವನ್ನು ಕೊಂಡಿತು.

ಕಥೆ ಅಲ್ಲಿಗೇ ಮುಗಿಯಲಿಲ್ಲ. 2021ರಲ್ಲಿ ಗುಜರಾತಿ ಮೂಲದ ಇಸ್ಸಾ ಸಹೋದರರೂ ಟಿಡಿಆರ್ ಎಂಬ ಹಣಕಾಸು ಸಂಸ್ಥೆಯೂ ಸೇರಿ, ಬಹುಪಾಲು ಸಾಲದ ಹಣದಿಂದ ಅದನ್ನು ಕೊಂಡರು. ವ್ಯಾಪಾರ ಮತ್ತೆ ಕುಗ್ಗಿತು. 2024ರಲ್ಲಿ ನಾರ್ಮನ್ನರ ಹಳೆಯ ಜೊತೆಗಾರ ಅಲನ್ ಲೇಟನ್ನರನ್ನು ಪುನಃ ಕರೆತಂದರು. ಕೆಳಗಿನ ಮಾತು ಕೇಳುವ ರೂಢಿ ಒಮ್ಮೆ ಬಂದರೆ ಶಾಶ್ವತವಾಗಿ ಉಳಿಯುತ್ತದೆಂದು ನಂಬುವಂತಿಲ್ಲ.

ಇನ್ನು ನಮ್ಮ ಮನೆಯ ಮಾತು. ಸದಸ್ಯನೊಬ್ಬ ಅಡಿಕೆ ಮೂಟೆಯನ್ನು ಸಂಘದ ಬಾಗಿಲು ದಾಟಿಸಿ ಖಾಸಗಿ ಮಂಡಿಗೆ ಒಯ್ದರೆ ಕಾರಣ ಯಾರಿಗೆ ಗೊತ್ತು? ತೂಕದ ಕಟ್ಟೆಯಲ್ಲಿ ನಿಂತವನಿಗೆ. ಹಣ ಸಿಕ್ಕುವುದು ತಡವೋ, ದರ್ಜೆ ಕಟ್ಟುವಲ್ಲಿ ತಕರಾರೋ, ಅವನು ದಿನವೂ ಕೇಳುತ್ತಾನೆ. ಮಹಾಸಭೆಯಲ್ಲಿ ಅವನನ್ನು ಮಾತನಾಡಿಸಿದ್ದನ್ನು ನಾನಂತೂ ಕಂಡಿಲ್ಲ. ಆ ದಿನ ಅವನು ಊಟದ ಎಲೆ ಹಾಕುತ್ತಿರುತ್ತಾನೆ. ಮುಂದಿನ ಮಹಾಸಭೆಗೆ ಮುಂಚೆ ಆಡಳಿತ ಮಂಡಳಿಯವರು ತೂಕದವರನ್ನೂ ಗೋದಾಮಿನವರನ್ನೂ ಅರ್ಧ ದಿನ ಕೂರಿಸಿಕೊಂಡು ಕೇಳಲಿ. ಹೊಸ ಕಟ್ಟಡದ ಅಂದಾಜು ಪಟ್ಟಿಯನ್ನು ಆಮೇಲೆ ನೋಡೋಣ.