ಇವತ್ತು ಯಾವ ಹಕ್ಕಿ ಸಿಕ್ತು?

ರಿಟೈರ್ ಆದಾಗ ಎಲ್ಲರೂ ‘ಇನ್ನೇನು ಸಾರ್, ಆರಾಮು’ ಅಂದ್ರು. ಆ ಆರಾಮೇ ನನಗೆ ಕಷ್ಟವಾಗಿದ್ದು. ಬೆಳಗ್ಗೆ ಏಳೋಕೆ ಕಾರಣವೇ ಇರಲಿಲ್ಲ. ಈಗ ಇದೆ. ಮಿಂಚುಳ್ಳಿ ಯಾರಿಗೂ ಕಾಯೋದಿಲ್ಲ ನೋಡಿ!

ಮೈಸೂರಿನವರಿಗೆ ಕುಕ್ಕರಹಳ್ಳಿ ಕೆರೆ ಇದೆ, ಸ್ವಲ್ಪ ಆಚೆ ರಂಗನತಿಟ್ಟು. ಸಲೀಂ ಅಲಿ ಅವರ ಸಲಹೆಯಂತೆ 1940ರಲ್ಲೇ ಪಕ್ಷಿಧಾಮವಾದ ಜಾಗ. ಮಂಡಿನೋವು ಇರುವವರೂ ದೋಣಿಯಲ್ಲಿ ಕೂತು ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳನ್ನು ಹತ್ತಿರದಿಂದ ನೋಡಬಹುದು. ಮಳೆಗಾಲದಲ್ಲಿ ಕೆಆರ್‌ಎಸ್‌ನಿಂದ ಹೆಚ್ಚು ನೀರು ಬಿಟ್ಟಾಗ ಮಾತ್ರ ದೋಣಿ ಇರಲ್ಲ.

ನನ್ನದು ಜೂಮ್ ಜಾಸ್ತಿ ಇರುವ ಹಗುರವಾದ ಬ್ರಿಡ್ಜ್ ಕ್ಯಾಮೆರಾ. ದೊಡ್ಡ ಲೆನ್ಸ್ ಹೊರುವ ವಯಸ್ಸಲ್ಲ ನಂದು. ಹಾರುವ ಹಕ್ಕಿಗೆ ಶಟರ್ ಸ್ಪೀಡ್ 1/2000 ಸೆಕೆಂಡ್ ಇಟ್ಟುಕೊಳ್ಳಿ. ಫೋಕಸ್ ಹಕ್ಕಿಯ ಕಣ್ಣಿನ ಮೇಲಿರಲಿ, ಸೂರ್ಯ ನಿಮ್ಮ ಬೆನ್ನ ಹಿಂದಿರಲಿ. ಗೂಡಿನ ಹತ್ತಿರ ಮಾತ್ರ ಹೋಗಬೇಡಿ. ಹೆದರಿದ ತಾಯಿ ಗೂಡು ಬಿಟ್ಟರೆ ಮರಿಗಳ ಗತಿಯೇನು? ಹೆಸರು ಗೊತ್ತಾಗದಿದ್ದರೆ ಮರ್ಲಿನ್ ಆ್ಯಪ್‌ಗೆ ಫೋಟೊ ಕೊಡಿ, ಹೇಳುತ್ತೆ. ದುಡ್ಡೂ ಇಲ್ಲ.

ಹೆಂಡತಿ ಹೋದ ಮೇಲೆ ಮಗಳು ದಿನಾ ಫೋನ್ ಮಾಡಿ ‘ಊಟ ಆಯ್ತಾ ಅಪ್ಪಾ?’ ಅಂತಿದ್ಲು. ‘ಆಯ್ತಮ್ಮ’ ಅಂದ ಮೇಲೆ ಇಬ್ಬರಿಗೂ ಮಾತೇ ಸಿಗ್ತಿರಲಿಲ್ಲ. ಈಗ ‘ಇವತ್ತು ಯಾವ ಹಕ್ಕಿ ಸಿಕ್ತು?’ ಅಂತಾಳೆ. ಅರ್ಧ ಗಂಟೆ ಹೋಗಿದ್ದೇ ಗೊತ್ತಾಗಲ್ಲ.

ನಿಮ್ಮ ಮನೆಯಲ್ಲೂ ರಿಟೈರ್ ಆದ ಅಪ್ಪನೋ ಅಮ್ಮನೋ ಇದ್ದರೆ ಈ ಭಾನುವಾರ ಬೆಳಗ್ಗೆ ಹತ್ತಿರದ ಕೆರೆಗೆ ಕರ್ಕೊಂಡು ಹೋಗಿ. ಕ್ಯಾಮೆರಾ ಆಮೇಲೆ ತಗೊಂಡರಾಯ್ತು.