ಕೀಟದ ರೆಕ್ಕೆ: ಉತ್ತರ ಬಾಕಿಯಿರುವ ಪಾಠಕ್ಕೂ ಅಂಕ ಬೇಕು

ಅಭ್ಯಾಸ ಬೋಧನೆಯಲ್ಲಿ ಜೀವವಿಕಾಸದ ಪಾಠ ಬಂದಾಗ ಕಪ್ಪುಹಲಗೆಯ ಮೇಲೆ ಒಂದು ಕೋಷ್ಟಕ ತಪ್ಪದೆ ಬರುತ್ತದೆ. ಹಕ್ಕಿಯ ರೆಕ್ಕೆ, ಕೀಟದ ರೆಕ್ಕೆ: ಕೆಲಸ ಒಂದೇ, ಮೂಲ ಬೇರೆ, ಆದ್ದರಿಂದ ಇವು ಕಾರ್ಯಾನುರೂಪಿ ಅಂಗಗಳು. ಇಷ್ಟು ಹೇಳಿ ಪ್ರಶಿಕ್ಷಣಾರ್ಥಿ ಮೌಲ್ಯಮಾಪನದ ಹಂತಕ್ಕೆ ಹೋಗುತ್ತಾರೆ. ಹೇಳಿದ್ದು ಸರಿಯೇ. ಆದರೆ ಪಾಠ ಆರಂಭವಾಗಬೇಕಾದ ಜಾಗದಲ್ಲೇ ಮುಗಿಯುತ್ತಿದೆ ಎಂಬುದು ನನ್ನ ಅಭಿಪ್ರಾಯ.

ಹಕ್ಕಿ, ಬಾವಲಿಗಳ ರೆಕ್ಕೆ ಮುಂಗಾಲಿನಿಂದ ರೂಪುಗೊಂಡದ್ದು. ಮಿಡತೆಗಾದರೋ ಆರು ಕಾಲುಗಳೂ ಇವೆ, ನಾಲ್ಕು ರೆಕ್ಕೆಗಳೂ ಇವೆ. ಹಾಗಾದರೆ ಆ ರೆಕ್ಕೆ ಯಾವುದರಿಂದ ಬಂತು? ಹಳೆಯ ವಾದಗಳು ಎರಡು. ಎದೆಭಾಗದ ಬೆನ್ನಿನ ಫಲಕದ ಅಂಚು ಹೊರಚಾಚಿ ರೆಕ್ಕೆಯಾಯಿತು ಎಂಬುದು ಒಂದು. ಪೂರ್ವಜರ ಕಾಲಿನ ಬುಡದಲ್ಲಿದ್ದ, ಕಿವಿರಿನಂಥ ಹಾಳೆಯೇ ರೆಕ್ಕೆಯಾಯಿತು ಎಂಬುದು ಇನ್ನೊಂದು. ರೆಕ್ಕೆಯುಳ್ಳ ಕೀಟಗಳ ಪಳೆಯುಳಿಕೆಗಳು ಸುಮಾರು 32 ಕೋಟಿ ವರ್ಷಗಳಷ್ಟು ಹಿಂದಿನವು ಸಿಕ್ಕಿವೆ. ಆದರೆ ವಿವಾದ ಮುಗಿಸಬಲ್ಲ ನಡುವಿನ ರೂಪ ಸಿಕ್ಕಿಲ್ಲ.

2013ರಲ್ಲಿ ಹಿಟ್ಟಿನಲ್ಲಿ ಕಾಣುವ ಕೆಂಪು ದುಂಬಿಯ ಮೇಲೆ ನಡೆದ ಪ್ರಯೋಗವೊಂದು ಪ್ರಕಟವಾಯಿತು. ರೆಕ್ಕೆ ಬೆಳೆಯಲು ಬೇಕಾದ 'ವೆಸ್ಟಿಜಿಯಲ್' ಜೀನನ್ನು ತಡೆದಾಗ, ರೆಕ್ಕೆಯೇ ಇಲ್ಲದ ಮೊದಲ ಎದೆಖಂಡದಲ್ಲೂ ಬೆನ್ನಿನ ಅಂಚು ಮತ್ತು ಕಾಲಿನ ಬುಡದ ಬಳಿಯ ಪಕ್ಕದ ಫಲಕಗಳು ಎರಡೂ ಕಡೆ ಬೆಳವಣಿಗೆ ಏರುಪೇರಾಯಿತು. ಎರಡೂ ಭಾಗಗಳು ಸೇರಿ ರೆಕ್ಕೆಯಾಗಿರಬಹುದು ಎಂಬ ಮೂರನೆಯ ವಾದಕ್ಕೆ ಇದು ಬಲ ಕೊಟ್ಟಿತು. 2020ರಲ್ಲಿ ಎರಡು ತಂಡಗಳು ಸೀಗಡಿಯ ಬಳಗದ ಒಂದು ಪುಟ್ಟ ಜೀವಿಯ ಜೀನ್‌ಗಳನ್ನು ಪರೀಕ್ಷಿಸಿದವು. ಒಂದು ತಂಡ ಕಾಲಿನ ಬುಡದ ಹಾಳೆಗೆ ಒತ್ತು ಕೊಟ್ಟರೆ, ಇನ್ನೊಂದು ಜೋಡಿ ಮೂಲವನ್ನು ಎತ್ತಿಹಿಡಿಯಿತು. ಚರ್ಚೆ ಮುಗಿದಿಲ್ಲ.

ಇದು ಪ್ರೌಢಶಾಲೆಗೆ ಭಾರವಾಗುತ್ತದೆ ಎನ್ನುವವರಿದ್ದಾರೆ. ಜೀನಿನ ವಿವರ ಬೇಕಾಗಿಲ್ಲ. ಒಂದು ಮಿಡತೆ, ಎರಡು ವಾದ, 'ಯಾವುದು ಸರಿಯೆಂದು ತಿಳಿಯಲು ಏನನ್ನು ಹುಡುಕಬೇಕು?' ಎಂಬ ಒಂದು ಪ್ರಶ್ನೆ ಸಾಕು. ಮಕ್ಕಳಿಗೆ ಗೊಂದಲವಾಗುತ್ತದೆ ಎಂಬ ಆತಂಕಕ್ಕೂ ಉತ್ತರವಿದೆ. ರೆಕ್ಕೆ ವಿಕಾಸಗೊಂಡಿತೇ ಎಂಬುದರಲ್ಲಿ ವಿಜ್ಞಾನಿಗಳಿಗೆ ಅನುಮಾನವಿಲ್ಲ; ಯಾವ ಭಾಗದಿಂದ ಎಂಬುದಷ್ಟೇ ಚರ್ಚೆಯ ವಿಷಯ. ಈ ವ್ಯತ್ಯಾಸವನ್ನು ಶಿಕ್ಷಕರು ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ, ವಿಜ್ಞಾನಿಗಳ ಭಿನ್ನಾಭಿಪ್ರಾಯವನ್ನೇ ವಿಕಾಸವಾದದ ಸೋಲೆಂದು ನಾಳೆ ಬೇರೆಯವರು ಮಕ್ಕಳಿಗೆ ಹೇಳಿಕೊಡುತ್ತಾರೆ.

ತೊಡಕಿರುವುದು ನಮ್ಮ ವೀಕ್ಷಣಾ ನಮೂನೆಯಲ್ಲಿ. ಪಾಠದ ಕೊನೆಗೆ ಒಂದೇ ಸಾಮಾನ್ಯೀಕರಣ ಬರಲೇಬೇಕೆಂದರೆ, ಪ್ರಶ್ನೆಯನ್ನು ತೆರೆದಿಟ್ಟ ಪ್ರಶಿಕ್ಷಣಾರ್ಥಿಗೆ ಅಂಕ ಕಡಿತವಾಗುತ್ತದೆ. ಅಂಕ ಹೋಗುವಲ್ಲಿ ಯಾರೂ ಕಾಲಿಡುವುದಿಲ್ಲ. ಆದ್ದರಿಂದ ಮಾರ್ಗದರ್ಶಕ ಉಪನ್ಯಾಸಕರಲ್ಲಿ ನನ್ನ ಕೋರಿಕೆ: ಸಾಕ್ಷ್ಯವನ್ನು ಮಕ್ಕಳಿಂದಲೇ ತೂಗಿಸಿ, ತಿಳಿದದ್ದನ್ನೂ ತಿಳಿಯಬೇಕಾದದ್ದನ್ನೂ ಹಲಗೆಯ ಮೇಲೆ ಬೇರೆಬೇರೆ ಬರೆಸಿದವರಿಗೆ ಅಂಕ ಕೊಡುವ ಒಂದು ಸಾಲನ್ನು ಆ ನಮೂನೆಗೆ ಸೇರಿಸೋಣ.