ಲೆಕ್ಕ ಅವರದು, ಗುಂಡಿ ನಮ್ಮದು

ತಾಲ್ಲೂಕು ಪಂಚಾಯ್ತಿಯ ಪ್ರಗತಿ ಪರಿಶೀಲನಾ ಸಭೆಗೆ ಒಂದು ಸಲ ಹೋಗಿ ಹಿಂದಿನ ಕುರ್ಚಿಯಲ್ಲಿ ಕೂತು ನೋಡಿ. ಉದ್ದನೆಯ ಮೇಜು, ನೀರಿನ ಬಾಟಲಿ, ಬಿಸ್ಕತ್ತಿನ ತಟ್ಟೆ. ಒಂದೊಂದು ಇಲಾಖೆಯ ಅಧಿಕಾರಿ ಎದ್ದು ನಿಂತು ಓದುತ್ತಾರೆ: ಭೌತಿಕ ಗುರಿ ಇಷ್ಟು, ಭೌತಿಕ ಸಾಧನೆ ಇಷ್ಟು. ಆರ್ಥಿಕ ಗುರಿ ಇಷ್ಟು, ಆರ್ಥಿಕ ಸಾಧನೆ ಇಷ್ಟು. ಕೊನೆಯ ಕಾಲಮ್ಮಿನಲ್ಲಿ ಶೇಕಡಾ ನೂರು. ಮೇಜಿನ ತುದಿಯಲ್ಲಿ ಕೂತವರು ತಲೆಯಾಡಿಸುತ್ತಾರೆ. ಮುಂದಿನ ಇಲಾಖೆ!

ಆ ಪಟ್ಟಿಯಲ್ಲಿ ಎರಡೇ ಪ್ರಶ್ನೆಗೆ ಜಾಗ. ದುಡ್ಡು ಖರ್ಚಾಯಿತೆ? ಕಟ್ಟಡ ಎದ್ದಿತೆ? ಯಾರ ಹೆಸರು ಹೇಳಿ ಇದೆಲ್ಲ ನಡೆಯಿತೋ ಅವರ ಬದುಕಿನಲ್ಲಿ ಏನು ಬದಲಾಯಿತು ಅನ್ನುವ ಮೂರನೆಯ ಪ್ರಶ್ನೆಗೆ ಕಾಲಮ್ಮೇ ಇಲ್ಲ. ಖರ್ಚಿಗೆ 'ಆರ್ಥಿಕ ಸಾಧನೆ' ಅಂತ ಹೆಸರಿಟ್ಟವನು ಯಾವ ಮಹಾನುಭಾವನೋ! ಸಂತೆಗೆ ಹೋದವನು ದುಡ್ಡೆಲ್ಲ ಮುಗಿಸಿ ಬರಿಗೈಲಿ ಬಂದರೆ ನಮ್ಮ ಕೇರಿಯ ಹೆಂಗಸು ಅದನ್ನು ಸಾಧನೆ ಅನ್ನೋದಿಲ್ಲ. ಪೊರಕೆ ತಗೊಳ್ತಾಳೆ. ಮಾರ್ಚ್ ತಿಂಗಳಲ್ಲಿ ಓಡೋಡಿ ಬಿಲ್ಲು ಪಾಸು ಮಾಡುವ ಈ ವ್ಯವಸ್ಥೆಗೆ ಪೊರಕೆ ತೋರಿಸುವವರು ಯಾರು?

ಇನ್ನೊಂದು ಮಾತು ಕೇಳಿ. ಇವರು ನಮ್ಮನ್ನು 'ಫಲಾನುಭವಿ' ಅಂತ ಕರೀತಾರೆ. ಫಲವನ್ನು ಅನುಭವಿಸುವವನು. ಅನುಭವಿಸುವವನು ನಾನಾದರೆ ಫಲ ಸಿಕ್ಕಿತೋ ಇಲ್ಲವೋ ಹೇಳಬೇಕಾದವನೂ ನಾನೇ ಅಲ್ಲವೆ? ಇಲ್ಲ. ನನ್ನ ಬಾಯಿಗೆ ಬಿದ್ದ ಹಣ್ಣು ಸಿಹಿಯೋ ಕಹಿಯೋ ಅನ್ನೋದನ್ನು ಕಚೇರಿಯಲ್ಲಿ ಕೂತವರು ಬರೆದುಕೊಳ್ಳುತ್ತಾರೆ.

ದಿಲ್ಲಿಯವರಿಗೆ ಇದು ಗೊತ್ತಿಲ್ಲದ್ದೇನಲ್ಲ. 2005ರಲ್ಲೇ ಕೇಂದ್ರದ ಹಣಕಾಸು ಮಂತ್ರಿ ಚಿದಂಬರಂ 'ಫಲಿತಾಂಶದ ಬಜೆಟ್' ಎಂಬ ಪುಸ್ತಕವನ್ನು ಸಂಸತ್ತಿನ ಮುಂದಿಟ್ಟರು. ಎಷ್ಟು ಖರ್ಚಾಯಿತು ಅಂದರೆ ಸಾಲದು, ಅದರಿಂದ ಏನಾಯಿತು ಹೇಳಿ ಎಂಬುದೇ ಅದರ ತಿರುಳು. ಒಳ್ಳೆಯ ಮಾತೇ. ಆದರೆ 'ಏನಾಯಿತು' ಅನ್ನುವುದರ ಅರ್ಥ ಬರೆಯುವ ಪೆನ್ನು ಮಾತ್ರ ಅದೇ ಕೈಯಲ್ಲಿ ಉಳಿಯಿತು. ನಮ್ಮ ಜಗಳ ಇರುವುದು ಆ ಪೆನ್ನಿನ ಜೊತೆಗೆ.

ಕಕ್ಕಸಿನ ಲೆಕ್ಕವನ್ನೇ ತಗೊಳ್ಳಿ. 2014ರ ಅಕ್ಟೋಬರ್ 2ರಂದು ಸ್ವಚ್ಛ ಭಾರತ ಶುರುವಾಯಿತು. ಶೌಚಾಲಯ ಕಟ್ಟಿಸಿಕೊಂಡ ಮನೆಗೆ 12 ಸಾವಿರ ರೂಪಾಯಿ. ಗೋಡೆ ಎದ್ದಿತು, ಮನೆಯವರನ್ನು ಬಾಗಿಲಲ್ಲಿ ನಿಲ್ಲಿಸಿ ಫೋಟೋ ಹೊಡೆದದ್ದೂ ಆಯಿತು. 2018ರ ನವೆಂಬರಿನಲ್ಲಿ ಕರ್ನಾಟಕದ ಹಳ್ಳಿಗಳೆಲ್ಲ ಬಯಲು ಬಹಿರ್ದೆಸೆ ಮುಕ್ತ ಎಂದು ಘೋಷಣೆ. 2019ರ ಅಕ್ಟೋಬರ್ 2ರಂದು, ಹತ್ತು ಕೋಟಿಗೂ ಮೇಲೆ ಶೌಚಾಲಯ ಕಟ್ಟಿದ್ದೇವೆಂದು ಹೇಳಿ ಇಡೀ ದೇಶದ ಹಳ್ಳಿಗಳೇ ಮುಕ್ತ ಎಂದು ಪ್ರಧಾನಿಗಳು ಸಾರಿದರು.

ಅದೇ ಸರ್ಕಾರದ ಅಂಕಿಅಂಶ ಕಚೇರಿ 2018ರ ಜುಲೈಯಿಂದ ಡಿಸೆಂಬರ್‌ವರೆಗೆ ಮನೆಮನೆಗೆ ಹೋಗಿ ಕೇಳಿತ್ತು. ಹಳ್ಳಿಗಳಲ್ಲಿ ಶೇಕಡಾ 71.3 ಮನೆಗಳಿಗೆ ಮಾತ್ರ ಶೌಚಾಲಯದ ಸೌಲಭ್ಯವಿತ್ತು. ಆಮೇಲೆ 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಯಾವ ಶೌಚಾಲಯವನ್ನೂ ಬಳಸದ ಮನೆಗಳು ದೇಶದಲ್ಲಿ ಶೇಕಡಾ 19 ಎಂದು ಬಂತು. ಒಂದೇ ಸರ್ಕಾರ, ಒಂದೇ ದೇಶ, ಎರಡು ಲೆಕ್ಕ. ಹೇಗಪ್ಪ? ಒಂದು ಕಚೇರಿ ಎಣಿಸಿದ್ದು 2012ರ ಪಟ್ಟಿಯಲ್ಲಿ ಹೆಸರಿದ್ದವರಿಗೆ ಕಟ್ಟಿಕೊಟ್ಟ ಗೋಡೆಗಳನ್ನು. ಇನ್ನೊಂದು ಎಣಿಸಿದ್ದು ಒಳಗೆ ಹೋಗುವ ಮನುಷ್ಯರನ್ನು. ಪಟ್ಟಿಯಿಂದ ಬಿಟ್ಟುಹೋದವರ ಮನೆ, ಪಟ್ಟಿಯಾದ ಮೇಲೆ ಬೇರೆಯಾದ ತಮ್ಮನ ಗುಡಿಸಲು, ನೀರಿಲ್ಲದೆ ಸೌದೆ ತುಂಬಿಟ್ಟ ಕಕ್ಕಸು, ಇವು ಯಾವುವೂ ಶೇಕಡಾ ನೂರನ್ನು ಅಲ್ಲಾಡಿಸಲಿಲ್ಲ.

ಇಷ್ಟರಲ್ಲೇ ಮುಗಿದಿದ್ದರೆ ಇದನ್ನು ಅಧಿಕಾರಿಗಳ ಸೋಮಾರಿತನ ಅಂದು ಬಿಡಬಹುದಿತ್ತು. ಗೆಳೆಯರೇ, ನಮ್ಮ ಸಂಕಟ ಶುರುವಾಗುವುದು ಗುಂಡಿ ತುಂಬಿದ ದಿನ.

ಯೋಜನೆಯ ಕಾಗದದಲ್ಲಿ ಎರಡು ಗುಂಡಿ. ಒಂದು ತುಂಬಿದರೆ ಮುಚ್ಚಿ ಇನ್ನೊಂದಕ್ಕೆ ಬಿಡಬೇಕು. ಮೊದಲನೆಯದು ಒಣಗಿ ಗೊಬ್ಬರವಾಗುತ್ತದೆ, ಯಾರು ಬೇಕಾದರೂ ತೆಗೆಯಬಹುದು. ಕಾಗದದಲ್ಲಿ ಎಲ್ಲ ಸರಿ. ನೆಲದ ಮೇಲೆ ಎಷ್ಟೋ ಕಡೆ ಒಂದೇ ಗುಂಡಿ, ಇಲ್ಲವೆ ದೊಡ್ಡ ತೊಟ್ಟಿ. ಎರಡು ಗುಂಡಿ ಇದ್ದರೂ ಊರೊಳಗಿನವನು ತನ್ನ ಮನೆಯ ಗುಂಡಿಗೆ ತಾನೇ ಸಲಿಕೆ ಹಾಕುತ್ತಾನೆಯೆ? ಕೇರಿಗೆ ಹೇಳಿ ಕಳಿಸುತ್ತಾನೆ. ಜಾತಿ ಎಂಬ ಮೇಸ್ತ್ರಿ ಸಾವಿರಾರು ವರ್ಷದ ಹಿಂದೆಯೇ ಕೆಲಸ ಹಂಚಿಬಿಟ್ಟಿದ್ದಾನಲ್ಲ! ಗುಂಡಿ ತುಂಬಿದ ಮೇಲೆ ಅದನ್ನು ಬಳಿಯುವವರು ಯಾರು, ಯಾವ ಯಂತ್ರದಿಂದ ಅನ್ನುವ ಪ್ರಶ್ನೆಗೆ ಸಾಧನೆಯ ಪಟ್ಟಿಯಲ್ಲಿ ಕಾಲಮ್ಮಿಲ್ಲ. ಒಂದು ಇಲಾಖೆಯ ಸಾಧನೆ ಹೀಗೆ ನಮ್ಮವನ ಸಾವಿಗೆ ದಾರಿ ತೋಡುತ್ತದೆ.

ಆ ಸಾವನ್ನಾದರೂ ಸರಿಯಾಗಿ ಎಣಿಸುತ್ತಾರೆಯೆ? 2021ರ ಜುಲೈಯಲ್ಲಿ ರಾಜ್ಯಸಭೆಗೆ ಸರ್ಕಾರ ಉತ್ತರ ಕೊಟ್ಟಿತು: ಮಲ ಬಾಚುವ ಕೆಲಸದಿಂದ ಸತ್ತ ವರದಿ ಇಲ್ಲ. ಕೆಲವೇ ದಿನ ಕಳೆದು ಆಗಸ್ಟಿನಲ್ಲಿ ಅದೇ ಸರ್ಕಾರ ಹೇಳಿತು: ಒಳಚರಂಡಿ, ಮಲದ ತೊಟ್ಟಿಗಳ 'ಅಪಾಯಕಾರಿ ಶುಚಿಗೊಳಿಸುವಿಕೆ'ಯಲ್ಲಿ 941 ಮಂದಿ ಸತ್ತ ವರದಿ ಇದೆ. ನೋಡಿದಿರಾ ಜಾದೂ! 2013ರ ಕಾನೂನು ಮಲ ಬಾಚಿಸುವುದಕ್ಕೆ ಒಂದು ಅರ್ಥ ಬರೆಯಿತು, ಅಪಾಯಕಾರಿ ಶುಚಿಗೊಳಿಸುವಿಕೆಗೆ ಇನ್ನೊಂದು. ಸರ್ಕಾರ ಸೂಚಿಸಿದ ಸಾಧನ ಹಿಡಿದು, ರಕ್ಷಣಾ ಉಡುಪು ತೊಟ್ಟು ಮಾಡುವವನನ್ನು ಮಲ ಬಾಚುವವನೆಂದು ಭಾವಿಸತಕ್ಕದ್ದಲ್ಲ ಎಂದೂ ಸೇರಿಸಿತು. ಎರಡೂ ಕೆಲಸಕ್ಕೆ ನಿಷೇಧವಿದೆ, ನಿಜ. ಆದರೆ ರಿಜಿಸ್ಟರು ಬೇರೆ ಬೇರೆ. ಹೆಣಗಳನ್ನೆಲ್ಲ ಒಂದು ರಿಜಿಸ್ಟರಿಗೆ ಸಾಗಿಸಿ, ಇನ್ನೊಂದರಲ್ಲಿ ಸೊನ್ನೆ ಬರೆದರು. ಗುಂಡಿಯ ವಿಷಗಾಳಿಗೆ ಈ ವ್ಯಾಖ್ಯೆ ಗೊತ್ತಿಲ್ಲ. ಗಂಡನನ್ನು ಕಳೆದುಕೊಂಡವಳಿಗೂ ಗೊತ್ತಿಲ್ಲ.

2013 ಮತ್ತು 2018ರ ಸಮೀಕ್ಷೆಗಳಲ್ಲಿ ದೇಶದಲ್ಲಿ 58,098 ಮಂದಿ ಮಲ ಬಾಚುವವರನ್ನು ಗುರುತಿಸಿದರು. ಅವರಿಗೆಲ್ಲ ತಲಾ 40 ಸಾವಿರ ರೂಪಾಯಿ ಕೊಟ್ಟಾಯಿತು ಅಂದರು. ಶೇಕಡಾ ನೂರು ಸಾಧನೆ! ಆ ದುಡ್ಡು ಖರ್ಚಾದ ಮೇಲೆ ಎಷ್ಟು ಮಂದಿ ಮತ್ತೆ ಅದೇ ಗುಂಡಿಗೆ ಇಳಿದರು? ಎಷ್ಟು ಮಕ್ಕಳು ಬೇರೆ ಕೆಲಸ ಹಿಡಿದರು? ಪುನರ್ವಸತಿ ಅಂದರೆ ಇದು ತಾನೆ? ಆ ಕಾಲಮ್ಮು ಎಲ್ಲಿ ಸ್ವಾಮಿ?

ನಮ್ಮ ರಾಜ್ಯಕ್ಕೆ ಈ ಕಥೆ ಹೊಸದಲ್ಲ. 1970ರ ದಶಕದ ಮೊದಲಲ್ಲಿ ದೇವರಾಜ ಅರಸು ಸರ್ಕಾರದ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಅದು ದೊಡ್ಡ ಕೆಲಸ. ಅಂಥ ಮನುಷ್ಯ 1973ರಲ್ಲಿ ಒಂದು ಮಾತು ಆಡಿದ್ದಕ್ಕೆ ಬೂಸಾ ಗಲಾಟೆ ಎಬ್ಬಿಸಿ ಕುರ್ಚಿಯಿಂದ ಇಳಿಸಿದರು. ಆದೇಶ ಕಡತದಲ್ಲಿ ಉಳಿಯಿತು. ಮೂರೂವರೆ ದಶಕ ಕಳೆದ ಮೇಲೆ, 2010ರ ಜುಲೈಯಲ್ಲಿ, ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿಗಳು ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡು ನಿಂತರು. ಇದ್ದ ನೆಲೆಯಿಂದಲೂ ಎಬ್ಬಿಸುತ್ತಾರೆಂಬ ಸಂಕಟ ಅವರದು. ನನ್ನ ಮಟ್ಟಿಗೆ ಈ ನಾಡು ಕಂಡ ಅತ್ಯಂತ ಪ್ರಾಮಾಣಿಕ ಪ್ರಗತಿ ವರದಿ ಅದೇ. ಯಾವ ಕಾಲಮ್ಮೂ ಇಲ್ಲದವರು ತಮ್ಮ ಮೈಯನ್ನೇ ಕಾಗದ ಮಾಡಿ ಬರೆದ ವರದಿ.

ಇನ್ನು ನಮಗೆಂದೇ ತೆಗೆದಿಟ್ಟ ದುಡ್ಡಿನ ಲೆಕ್ಕ. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ಪಂಗಡಗಳ ಉಪಯೋಜನೆಗೆ 2013ರಲ್ಲಿ ಕಾಯ್ದೆ ಬಂತು. ಜನಸಂಖ್ಯೆಗೆ ತಕ್ಕ ಪಾಲು, ಅಂದರೆ 2011ರ ಜನಗಣತಿಯಂತೆ ಶೇಕಡಾ 24.1, ನಮಗಾಗಿ ಖರ್ಚಾಗಬೇಕು. ಹೋರಾಟದಿಂದ ಬಂದ ಕಾಯ್ದೆ. ಅದರ ಹೊಟ್ಟೆಯೊಳಗೇ 7(ಡಿ) ಎಂಬ ಕಲಮು ಕೂತಿತ್ತು. ಎಲ್ಲರ ರಸ್ತೆಗೆ, ಎಲ್ಲರ ಸೇತುವೆಗೆ ಸುರಿದ ದುಡ್ಡಿನಲ್ಲಿ ಒಂದು ಭಾಗವನ್ನು ನಮಗೇ ಖರ್ಚಾಯಿತೆಂದು 'ಭಾವಿಸಬಹುದು' ಅಂತ. ಭಾವಿಸುವುದಂತೆ! ಹತ್ತು ವರ್ಷ ಭಾವಿಸಿ, ಜನ ಬೀದಿಗಿಳಿದು ಕೇಳಿದ ಮೇಲೆ, 2023ರಲ್ಲಿ ಆ ಕಲಮನ್ನು ಕಿತ್ತರು. ಅದೇ ವರ್ಷದ ಬಜೆಟ್ಟಿನಲ್ಲಿ 34 ಸಾವಿರ ಕೋಟಿ ಚಿಲ್ಲರೆಯ ಉಪಯೋಜನೆಯಿಂದ 11 ಸಾವಿರ ಕೋಟಿಗೂ ಹೆಚ್ಚು ಹಣ ಗ್ಯಾರಂಟಿಗಳಿಗೆ ಹೋಯಿತು. ಮರುವರ್ಷ 14 ಸಾವಿರ ಕೋಟಿ ದಾಟಿತು. ಆ ಹಣ ನಿಮ್ಮ ಜನಕ್ಕೇ ಹೋಗುತ್ತದಲ್ಲ ಅನ್ನುತ್ತಾರೆ. ಹೌದು, ಅಕ್ಕಿ ನಮ್ಮ ಒಲೆಯ ಮೇಲೂ ಬೆಂದಿದೆ, ನಮ್ಮ ಅಕ್ಕತಂಗಿಯರೂ ಬಸ್ಸು ಹತ್ತಿದ್ದಾರೆ. ಬೇಡ ಅನ್ನುವಷ್ಟು ಹೊಟ್ಟೆ ತುಂಬಿದವರು ನಾವಲ್ಲ. ಆದರೆ ಅದು ನಾಗರಿಕರೆಲ್ಲರಿಗೂ ಸಲ್ಲುವ ಪಾಲು. ಉಪಯೋಜನೆ ಇರುವುದು ಊರಿಗೂ ಕೇರಿಗೂ ನಡುವಿನ ಕಂದಕ ಮುಚ್ಚಲಿಕ್ಕೆ. ಕಂದಕ ಎಷ್ಟು ಗೇಣು ತುಂಬಿತು? ಭೂಮಿ ಇಲ್ಲದ ಎಷ್ಟು ಮಂದಿಗೆ ಭೂಮಿ ಬಂತು? ಹಾಸ್ಟೆಲು ಸೇರಿದ ಎಷ್ಟು ಮಕ್ಕಳು ಓದು ಮುಗಿಸಿದರು? ಈ ಪ್ರಶ್ನೆ ಕೇಳಿದರೆ ಖರ್ಚಿನ ಪಟ್ಟಿ ತೋರಿಸುತ್ತಾರೆ.

ವಿದ್ಯಾವಂತ ಗೆಳೆಯರು ಒಂದು ತಕರಾರು ತೆಗೀತಾರೆ. ಬದುಕಿನ ಬದಲಾವಣೆಯನ್ನು ಅಳೆಯೋದು ಕಷ್ಟ, ವರ್ಷಗಟ್ಟಲೆ ಹಿಡಿಯುತ್ತೆ, ಒಂದು ಇಲಾಖೆಯ ಕೈಯಲ್ಲಿ ಇಲ್ಲದ ಕಾರಣಗಳೂ ಇರುತ್ತವೆ, ಗೋಡೆ ಎಣಿಸೋದು ಸುಲಭ ಅಂತ. ಮಾತಿನಲ್ಲಿ ಸ್ವಲ್ಪ ಹುರುಳಿದೆ. ಗೋಡೆಯನ್ನೂ ಎಣಿಸಲಿ, ಬೇಡ ಅಂದವರು ಯಾರು? ಆದರೆ ಗೋಡೆಯನ್ನು ಎಣಿಸಿ ಆರೋಗ್ಯ ಬಂತು ಅನ್ನಬಾರದು. ಕೇಳಬೇಕೆಂಬ ಮನಸ್ಸಿದ್ದರೆ ಉತ್ತರ ಸಿಗುತ್ತದೆ. ಒಳಚರಂಡಿ ಸಾವುಗಳ ಬಗ್ಗೆ ಕೇಂದ್ರ ಸರ್ಕಾರವೇ ಸಾಮಾಜಿಕ ಪರಿಶೋಧನೆ ಮಾಡಿಸಿತು. ಅದರಲ್ಲಿ ನೋಡಿದ 54 ಸಾವುಗಳಲ್ಲಿ 49 ಮಂದಿಯ ಮೈಮೇಲೆ ಯಾವ ರಕ್ಷಣಾ ಸಾಧನವೂ ಇರಲಿಲ್ಲವೆಂದು 2025ರಲ್ಲಿ ಸಂಸತ್ತಿಗೆ ತಿಳಿಸಿತು. ಸತ್ತವನ ಮೈಮೇಲೆ ಏನಿತ್ತು ಎಂದು ಕೇಳಿದ್ದಕ್ಕೆ ನಿಜ ಹೊರಬಂತು. ಎಷ್ಟು ಕಿಟ್ಟು ಹಂಚಿದ್ದೀರಿ ಅಂತ ಮಾತ್ರ ಕೇಳಿದ್ದರೆ ಬರುತ್ತಿತ್ತೆ?

ದಾರಿಯೂ ನಮಗೆ ಗೊತ್ತು. 1994ರಿಂದ ರಾಜಸ್ಥಾನದ ಕೂಲಿಕಾರರು ಹಾಜರಿ ಪುಸ್ತಕಗಳನ್ನು ಊರ ಮುಂದೆ ಗಟ್ಟಿಯಾಗಿ ಓದಿಸಿದರು. ದುಡಿಯದವರ ಹೆಸರು, ಆಗದ ಕೆಲಸದ ಬಿಲ್ಲು ಬಯಲಾದವು. ಆ ಹೋರಾಟ 2005ರ ಮಾಹಿತಿ ಹಕ್ಕಿಗೆ ಬಲ ಕೊಟ್ಟಿತು. ಅದೇ ವರ್ಷದ ಉದ್ಯೋಗ ಖಾತ್ರಿ ಕಾಯ್ದೆ ಗ್ರಾಮಸಭೆಯ ಕೈಗೆ ಸಾಮಾಜಿಕ ಪರಿಶೋಧನೆಯನ್ನು ಕೊಟ್ಟಿತು. ಕೂಲಿಯವಳ ಕಿವಿಗೆ ಬಿದ್ದ ಲೆಕ್ಕವೇ ಲೆಕ್ಕ.

ಆದ್ದರಿಂದ ನಮ್ಮ ಬೇಡಿಕೆ ಸರಳ. ಕೇರಿಗೆ ಯಾವ ಯೋಜನೆ ಬಂದರೂ, ಮೊದಲ ಕಲ್ಲು ಇಡುವ ಮುಂಚೆ, ಏನು ಬದಲಾದರೆ ಇದು ಗೆದ್ದಂತೆ ಎಂದು ಕೇರಿಯವರೇ ಹೇಳಬೇಕು, ಅದು ಕಡತಕ್ಕೆ ಹೋಗಬೇಕು. ಶುರುವಿನಲ್ಲಿ ಸ್ಥಿತಿ ಹೇಗಿತ್ತು ಎಂದು ಬರೆದಿಡಬೇಕು, ಇಲ್ಲದಿದ್ದರೆ ಕೊನೆಗೆ ಯಾವುದಕ್ಕೆ ಹೋಲಿಸುವುದು? ಕಟ್ಟಿ ಮುಗಿದ ದಿನ ಕಡತ ಮುಚ್ಚದೆ, ಎರಡು ವರ್ಷ ಬಿಟ್ಟು ಬಂದು ಮತ್ತೆ ಕೇಳಬೇಕು. ವರದಿಯನ್ನು ಕನ್ನಡದಲ್ಲಿ, ಕೇರಿಯ ಮಧ್ಯೆ ನಿಂತು, ಹೆಂಗಸರು ಕೂಲಿಯಿಂದ ಬಂದ ಮೇಲೆ ಓದಬೇಕು. ಸುಳ್ಳು ಅಂತ ಅವರು ಹೇಳಿದರೆ ಆ ಮಾತೂ ವರದಿಯಲ್ಲಿ ಸೇರಬೇಕು. ಸೋಲನ್ನು ಬರೆಯಲು ಒಂದು ಕಾಲಮ್ಮು ಬೇಕು. ಸೋತೆವು ಎಂದು ನಿಜ ಬರೆದ ಗುಮಾಸ್ತನಿಗೆ ನೋಟೀಸು, ಗೆದ್ದೆವು ಎಂದು ಸುಳ್ಳು ಬರೆದವನಿಗೆ ಬಡ್ತಿ ಅನ್ನುವ ಪದ್ಧತಿ ಹೋಗಬೇಕು.

ಹಳ್ಳಿಯ ಮೇಷ್ಟ್ರೇ, ಸರ್ಕಾರದ ಗಣತಿ ಫಾರಂಗಳನ್ನು ಹೊತ್ತು ಮನೆಮನೆ ತಿರುಗುವವರು ನೀವು. ಮುಂದಿನ ಸಲ ಫಾರಂ ತುಂಬುವಾಗ ಜೊತೆಗೆ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಫಾರಮ್ಮಿನಲ್ಲಿ ಜಾಗವಿಲ್ಲದ ಉತ್ತರಗಳನ್ನು ಅದರಲ್ಲಿ ಬರೆಯಿರಿ. ಕಾಲೇಜಿನ ತಮ್ಮಂದಿರೇ, ತಂಗಿಯರೇ, ನಿಮ್ಮ ಪಂಚಾಯ್ತಿಯ ಸಾಧನೆಯ ಪಟ್ಟಿಗೆ ಹತ್ತು ರೂಪಾಯಿಯ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಅದನ್ನು ಹಿಡಿದು ಕೇರಿಗೆ ಹೋಗಿ, ಹೆಸರು ಹೆಸರು ಓದಿ. ಪ್ರತಿ ಮನೆಯ ಬಾಗಿಲಲ್ಲಿ ಒಂದೇ ಪ್ರಶ್ನೆ ಕೇಳಿ: ಈ ಗುಂಡಿ ತುಂಬಿದರೆ ಇಳಿಯುವವರು ಯಾರು?

ಆ ಉತ್ತರ ಬದಲಾಗುವವರೆಗೂ ಈ ದೇಶದ ಸಾಧನೆ ಸೊನ್ನೆ. ಹಾಗಂತ ನಾವೇ ಬರೆಯೋಣ.